‘ನಿಮ್ಮ ಬಗ್ಗೆ ಹೇಳಿ’ ಅಂದರೆ ಯಾರ ಬಗ್ಗೆ?

ಹೋದ ತಿಂಗಳು ನಮ್ಮ ತಾಲ್ಲೂಕಿನ ಡಿಗ್ರಿ ಕಾಲೇಜಿನಲ್ಲಿ ಒಂದು ತರಬೇತಿ ನಡೆಯಿತು. ಕೊನೇ ವರ್ಷದ ಹುಡುಗರಿಗೆ ಇಂಟರ್‌ವ್ಯೂನಲ್ಲಿ ಹೇಗೆ ಮಾತಾಡಬೇಕು ಅಂತ ಕಲಿಸೋ ತರಬೇತಿ. ಹಾಸ್ಟೆಲಿನ ನಾಲ್ಕೈದು ಹುಡುಗರು ‘ಸಾರ್, ನೀವೂ ಬನ್ನಿ’ ಅಂದರು. ಹೋಗಿ ಹಿಂದಿನ ಬೆಂಚಿನಲ್ಲಿ ಕೂತೆ. ಬೆಂಗಳೂರಿನಿಂದ ಬಂದಿದ್ದ ಮಹಾಶಯರು ಬೋರ್ಡಿನ ಮೇಲೆ ಇಂಗ್ಲಿಷಿನಲ್ಲಿ ಒಂದು ಸಾಲು ಬರೆದರು. ಕನ್ನಡದಲ್ಲಿ ಹೇಳೋದಾದರೆ ‘ನಿಮ್ಮ ಬಗ್ಗೆ ಹೇಳಿ’. ಎಲ್ಲ ಇಂಟರ್‌ವ್ಯೂಗೂ ಇದೇ ಮೊದಲ ಪ್ರಶ್ನೆಯಂತೆ. ಒಂದು ನಿಮಿಷದ ಉತ್ತರದಲ್ಲೇ ಎಲ್ಲ ತೀರ್ಮಾನವಾಗಿ ಹೋಗುತ್ತಂತೆ. ನೂರು ಜನರ ನಡುವೆ ನೀವು ಎದ್ದು ಕಾಣಬೇಕು, ಎದುರಿಗೆ ಕೂತವರ ನಂಬಿಕೆ ಗೆಲ್ಲಬೇಕು, ಅದೆಲ್ಲ ನಿಮ್ಮ ಕೈಲೇ ಇದೆ ಅಂದರು. ಬೆನ್ನು ನೆಟ್ಟಗೆ, ಕಣ್ಣಲ್ಲಿ ಕಣ್ಣಿಟ್ಟು, ತುಟಿ ಮೇಲೆ ನಗು.

ಆಮೇಲೆ ಒಂದು ಫಾರಂ ಹಂಚಿದರು. ಹೆಸರು, ತಂದೆಯ ಹೆಸರು, ತಂದೆಯ ಉದ್ಯೋಗ, ಸ್ವಂತ ಊರು, ಹವ್ಯಾಸ. ಅದನ್ನು ತುಂಬಿ, ಒಬ್ಬೊಬ್ಬರೇ ಎದ್ದು ನಿಂತು ಹೇಳಬೇಕು.

ಎದ್ದರು, ಹೇಳಿದರು. ‘ಮೈ ನೇಮ್ ಈಸ್’ ಇಂದ ಶುರುವಾಗಿ ‘ಮೈ ಹಾಬೀಸ್ ಆರ್ ರೀಡಿಂಗ್ ಬುಕ್ಸ್ ಅಂಡ್ ಲಿಸನಿಂಗ್ ಮ್ಯೂಸಿಕ್’ ಅಂತ ಮುಗಿಯೋ ಅದೇ ಬಾಯಿಪಾಠ. ನಡುವೆ ತಂದೆ ಉದ್ಯೋಗದ ಸಾಲು ಬಂದಾಗ ಮಾತ್ರ ಒಬ್ಬೊಬ್ಬರ ದನಿ ಒಂದೊಂದು ಥರ. ‘ಮೈ ಫಾದರ್ ಈಸ್ ಎ ಬಿಸಿನೆಸ್‌ಮನ್’ ಅಂದವನ ಗಂಟಲು ಸರಾಗ. ನಮ್ಮ ಹಾಸ್ಟೆಲ್ ಹುಡುಗರು ಆ ಸಾಲಿಗೆ ಬಂದಾಗ ನೆಲ ನೋಡಿದರು. ‘ಅಗ್ರಿಕಲ್ಚರ್’ ಅಂದರು. ಅವರಲ್ಲಿ ಇಬ್ಬರ ಮನೆಗೆ ಒಂದು ಗುಂಟೆ ಭೂಮಿ ಇಲ್ಲ ಅನ್ನೋದು ನನಗೆ ಗೊತ್ತು. ಒಬ್ಬಳು ಹುಡುಗಿ, ಬಿಕಾಂ, ಆ ಸಾಲು ಬಂದಾಗ ಸುಮ್ಮನೆ ನಿಂತುಬಿಟ್ಟಳು. ‘ಕಾನ್ಫಿಡೆನ್ಸ್ ಬೇಕಮ್ಮ, ಕಾನ್ಫಿಡೆನ್ಸ್’ ಅಂದರು ಮಹಾಶಯರು. ಅವಳ ಅಪ್ಪ ಪಟ್ಟಣದಲ್ಲಿ ಪೌರಕಾರ್ಮಿಕ.

ಗೆಳೆಯರೇ, ಕಾನ್ಫಿಡೆನ್ಸ್ ಯಾರಿಗೆ ಬೇಕಾಗಿದೆ? ಆ ಹುಡುಗಿಗೋ, ಆ ಫಾರಂ ಅಚ್ಚು ಹಾಕಿಸಿದವರಿಗೋ?

ಈ ಪ್ರಶ್ನೆ ನನಗೆ ಹೊಸದಲ್ಲ. 1994ರಲ್ಲಿ ಮೇಷ್ಟ್ರ ಕೆಲಸಕ್ಕೆ ಆರ್ಡರ್ ಹಿಡಿದು ಒಂದು ಹಳ್ಳಿ ಸ್ಕೂಲಿಗೆ ಡ್ಯೂಟಿ ರಿಪೋರ್ಟ್ ಮಾಡಿಕೊಳ್ಳೋಕೆ ಹೋದೆ. ಹೆಡ್ ಮೇಷ್ಟ್ರು ನನ್ನ ಮಾರ್ಕ್ಸ್ ಕಾರ್ಡ್ ನೋಡಲಿಲ್ಲ. ಯಾವ ಪಾಠ ಚೆನ್ನಾಗಿ ಮಾಡ್ತೀರಿ ಅಂತ ಕೇಳಲಿಲ್ಲ. ‘ಯಾವೂರಾಯ್ತು ಮೇಷ್ಟ್ರೇ?’ ಅಂದರು. ಹೇಳಿದೆ. ‘ಆ ಊರಲ್ಲಿ ಯಾರ ಮನೆ?’ ಹೇಳಿದೆ. ‘ತಂದೇರ ಹೆಸರು?’ ಕೆಂಚಯ್ಯ ಅಂದೆ. ಕೈಲಿದ್ದ ಸರ್ಟಿಫಿಕೇಟಿನಲ್ಲಿ ಬರೀ ‘ಕೆಂಚ’ ಅಂತಿತ್ತು. ‘ಅಯ್ಯ’ ಸೇರಿಸಿ ಬರೆಯೋಕೆ ಆ ಕಾಲದ ಗುಮಾಸ್ತನ ಲೇಖನಿಯಲ್ಲಿ ಮಸಿ ಇರಲಿಲ್ಲ. ಹೆಡ್ ಮೇಷ್ಟ್ರು ಸರ್ಟಿಫಿಕೇಟ್ ನೋಡಿದರು, ನನ್ನ ಮುಖ ನೋಡಿದರು, ‘ಸರಿ ಸರಿ’ ಅಂದರು. ಅವರ ತಲೆ ಹಿಂದಿನ ಗೋಡೆ ಮೇಲೆ ನೀಲಿ ಬಣ್ಣದಲ್ಲಿ ಬಸವಣ್ಣನ ವಚನ. ಬಂದವನು ಯಾರ ಪೈಕಿ ಅಂತ ಕೇಳೋದೇ ಬೇಡ ಅಂತ ಹನ್ನೆರಡನೇ ಶತಮಾನದಲ್ಲಿ ಹೇಳಿದ ಅದೇ ವಚನ. ನೀವೂ ಓದಿದ್ದೀರಿ, ಮಕ್ಕಳಿಗೂ ಓದಿಸಿದ್ದೀರಿ.

ಮಾರನೇ ದಿನ ಮನೆ ಹುಡುಕೋಕೆ ಹೊರಟೆ. ಮೊದಲ ಎರಡು ಮನೆಯಲ್ಲಿ ನಿಜ ಹೇಳಿದೆ. ‘ಬಾಡಿಗೆಗೆ ಕೊಡೋ ಯೋಚನೆ ಬಿಟ್ಟಿದ್ದೀವಿ ಮೇಷ್ಟ್ರೇ’ ಅಂದರು. ಮೂರನೇ ಮನೆಯಲ್ಲಿ ‘ತಾವು ಯಾರ ಪೈಕಿ?’ ಅಂದಾಗ ‘ಗೌಡ್ರ ಪೈಕಿ’ ಅಂದುಬಿಟ್ಟೆ. ಇದನ್ನು ಬರೆಯೋಕೆ ನನಗೆ ಇಷ್ಟು ವರ್ಷ ಬೇಕಾಯ್ತು. ಎಂಟೊಂಬತ್ತು ತಿಂಗಳು ಆ ಮನೆಯಲ್ಲಿದ್ದೆ. ಮನೆಯವರು ಹಬ್ಬಕ್ಕೆ ಕರೆದು ಒಳಗೆ ಕೂರಿಸಿ ಊಟ ಹಾಕಿದರು. ಆ ಅನ್ನ ಗಂಟಲಲ್ಲಿ ಇಳೀತಿರಲಿಲ್ಲ.

ಒಂದಿನ ಅವ್ವ ಬಂದಳು, ಹೇಳದೆ ಕೇಳದೆ, ಸೆರಗಲ್ಲಿ ಹುರಿಗಾಳು ಕಟ್ಟಿಕೊಂಡು. ಮನೆ ಯಜಮಾನರು ಜಗುಲಿ ಮೇಲೆ ಕೂತಿದ್ದರು. ಊರೊಳಗೆ ಬರ್ತಾನೇ ಅವಳಿಗೆ ಏನು ಗೊತ್ತಾಯ್ತೋ, ಯಾರು ಹೇಳಿದರೋ. ಬೀದಿಯಲ್ಲೇ ನಿಂತು ‘ಬುದ್ಧೀ, ಮೇಷ್ಟ್ರು ಅವ್ರಾ?’ ಅಂದಳು. ನಾನು ಈಚೆ ಬಂದೆ. ನನ್ನ ಹೆತ್ತವಳು ನನ್ನನ್ನ ‘ಮೇಷ್ಟ್ರೇ’ ಅಂತ ಕರೆದು, ಊರಿಂದ ನಿಮ್ಮವ್ವ ಕೊಟ್ಟು ಕಳಿಸವ್ರೆ ಅಂತ ಗಂಟು ಕಲ್ಲಿನ ಮೇಲಿಟ್ಟು, ಹಿಂದಕ್ಕೆ ಸರಿದು ನಿಂತು, ಹೊರಟು ಹೋದಳು. ನಾನು ತಡೀಲಿಲ್ಲ. ಬಸ್ ಸ್ಟ್ಯಾಂಡಿನ ತನಕ ಹಿಂದೆ ಹೋಗಲಿಲ್ಲ. ನನ್ನ ‘ಪರಿಚಯ’ ಕಾಪಾಡೋಕೆ ಅವಳು ತಾಯಿತನಾನೇ ಬಿಟ್ಟುಕೊಟ್ಟಳು.

ಆ ತಿಂಗಳೇ ಮನೆ ಬಿಟ್ಟೆ. ಮುಂದಿನ ಊರಲ್ಲಿ ಕೇರಿಯಲ್ಲೇ ಒಂದು ಕೋಣೆ ಹಿಡಿದೆ.

ಇದನ್ನು ಯಾಕೆ ಹೇಳ್ತಿದ್ದೀನಿ ಅಂದರೆ, ‘ಎದ್ದು ಕಾಣು, ನಂಬಿಕೆ ಗೆಲ್ಲು’ ಅನ್ನೋ ಈ ಪಾಠದ ಹಿಂದೆ ಒಂದು ದೊಡ್ಡ ಸುಳ್ಳಿದೆ. ಮಾತಾಡುವವನು ಚೆನ್ನಾಗಿ ಮಾತಾಡಿದರೆ ಕೇಳುವವನು ನಂಬುತ್ತಾನೆ ಅನ್ನೋದು ಆ ಸುಳ್ಳು. ಎದ್ದು ಕಾಣೋದರಲ್ಲಿ ಬಾಬಾಸಾಹೇಬರಿಗಿಂತ ಯಾರು ಹೆಚ್ಚು? 1917ರಲ್ಲಿ ಬರೋಡ ಸಂಸ್ಥಾನದ ಕೆಲಸಕ್ಕೆ ಬಂದಾಗ ಅವರು ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಓದಿ, ಲಂಡನ್ನಿನಲ್ಲೂ ಓದಿ ಬಂದವರು. ಮಹಾರಾಜರ ಸ್ಕಾಲರ್‌ಶಿಪ್ಪಿನಲ್ಲೇ ಓದಿದವರು. ಆ ಊರಿನಲ್ಲಿ ಅವರಿಗೆ ಇಳಿದುಕೊಳ್ಳೋಕೆ ಜಾಗ ಸಿಗಲಿಲ್ಲ. ಕೊನೆಗೆ ಒಂದು ಪಾರ್ಸಿ ವಸತಿಗೃಹದಲ್ಲಿ ದಿನಕ್ಕೆ ಒಂದೂವರೆ ರೂಪಾಯಿ ಕೊಟ್ಟು, ರಿಜಿಸ್ಟರಿನಲ್ಲಿ ಪಾರ್ಸಿ ಹೆಸರು ಬರೆಸಿ ಇರಬೇಕಾಯ್ತು. ಹನ್ನೊಂದನೇ ದಿನ ಒಂದು ಡಜನ್ ಪಾರ್ಸಿಗಳು ದೊಣ್ಣೆ ಹಿಡಿದು ಬಂದರು. ಸಂಜೆಯೊಳಗೆ ಖಾಲಿ ಮಾಡು ಅಂದರು. ಅವತ್ತು ಅವರು ಬರೋಡದ ಸಾರ್ವಜನಿಕ ಉದ್ಯಾನದಲ್ಲಿ ಕೂತು ಹೊತ್ತು ಕಳೆದು ರಾತ್ರಿ ರೈಲಿಗೆ ಮುಂಬಯಿಗೆ ಹೊರಟರು. ಇದನ್ನೆಲ್ಲ ಅವರೇ ‘ವೀಸಾಕ್ಕಾಗಿ ಕಾಯುತ್ತಾ’ ಎಂಬ ಬರಹದಲ್ಲಿ ಬರೆದಿದ್ದಾರೆ. ಓದದ ಮೇಷ್ಟ್ರುಗಳು ಓದಿ. ಬೆನ್ನು ನೆಟ್ಟಗಿರಲಿಲ್ಲವೇ ಅವರದು? ಕಣ್ಣಲ್ಲಿ ಕಣ್ಣಿಟ್ಟು ನೋಡೋಕೆ ಬರ್ತಿರಲಿಲ್ಲವೇ?

ಅದು ನೂರು ವರ್ಷದ ಹಿಂದಿನ ಮಾತು, ಈಗ ಕಂಪನಿಗಳ ಕಾಲ, ಅಲ್ಲಿ ಪ್ರತಿಭೆ ಒಂದೇ ಲೆಕ್ಕ ಅಂತಾರೆ. ಹಾಗನ್ನೋ ನಮ್ಮ ಹುಡುಗರೇ ಇದ್ದಾರೆ. ಸುಖದೇವ್ ಥೋರಟ್ ಮತ್ತು ಪಾಲ್ ಅಟ್ಟೆವೆಲ್ ಅನ್ನೋ ವಿದ್ವಾಂಸರು ಇದನ್ನೇ ಪರೀಕ್ಷೆ ಮಾಡಿ ನೋಡಿದರು. ಪೇಪರಿನಲ್ಲಿ ಬಂದ ಖಾಸಗಿ ಕಂಪನಿಗಳ ಜಾಹೀರಾತಿಗೆ ಸಾವಿರಾರು ಅರ್ಜಿ ಹಾಕಿದರು. ಓದು ಒಂದೇ, ಅನುಭವ ಒಂದೇ, ಹೆಸರು ಮಾತ್ರ ಬೇರೆ. ಒಂದರಲ್ಲಿ ಮೇಲ್ಜಾತಿಯದು ಅಂತ ಕಾಣೋ ಹೆಸರು, ಒಂದರಲ್ಲಿ ದಲಿತ ಹೆಸರು, ಒಂದರಲ್ಲಿ ಮುಸ್ಲಿಂ ಹೆಸರು. 2007ರಲ್ಲಿ ಫಲಿತಾಂಶ ಪ್ರಕಟಿಸಿದರು. ಮುಂದಿನ ಹಂತಕ್ಕೆ ಕರೆ ಬರುವ ಸಂಭವ ಮೇಲ್ಜಾತಿ ಹೆಸರಿಗೆ 100 ಅಂತ ಇಟ್ಟುಕೊಂಡರೆ ದಲಿತ ಹೆಸರಿಗೆ ಸುಮಾರು 67, ಮುಸ್ಲಿಂ ಹೆಸರಿಗೆ ಸುಮಾರು 33. ಅಲ್ಲಿ ಯಾರೂ ಬಾಯಿ ಬಿಟ್ಟಿರಲಿಲ್ಲ. ನಗು, ಟೈ, ಕಣ್ಣು, ಬೆನ್ನು ಯಾವುದೂ ಇರಲಿಲ್ಲ. ಬರೀ ಹೆಸರು ಒಳಗೆ ಹೋಗಿ ಬಾಗಿಲು ತಟ್ಟಿತ್ತು, ಅಷ್ಟೆ.

ಅದೇ ವರ್ಷ ಕ್ಯಾಥರೀನ್ ನ್ಯೂಮನ್ ಮತ್ತು ಸುರಿಂದರ್ ಜೋಧ್ಕಾ ದೆಹಲಿ ಸುತ್ತಿನ ದೊಡ್ಡ ಕಂಪನಿಗಳಲ್ಲಿ ಕೆಲಸಕ್ಕೆ ಆಳು ಆರಿಸುವ ಅಧಿಕಾರಿಗಳನ್ನೇ ಕೂರಿಸಿ ಮಾತಾಡಿಸಿದರು. ಜಾತಿ ನೋಡ್ತೀರಾ ಅಂದರೆ, ಛೆ ಛೆ, ನಮ್ಮಲ್ಲಿ ಮೆರಿಟ್ ಮಾತ್ರ ಅಂದರಂತೆ. ಆದರೆ ಅಭ್ಯರ್ಥಿಯ ‘ಕುಟುಂಬದ ಹಿನ್ನೆಲೆ’ ಕೇಳ್ತೀವಿ, ಅದರಿಂದ ಮನುಷ್ಯನ ಗುಣ ಗೊತ್ತಾಗುತ್ತೆ ಅಂದರಂತೆ. ನೋಡಿ, ಎಂಥ ಮಾತು! ನಮ್ಮ ಹೆಡ್ ಮೇಷ್ಟ್ರು ‘ಯಾರ ಮನೆ’ ಅಂದರು, ಇವರು ‘ಹಿನ್ನೆಲೆ’ ಅಂದರು. ಹಳ್ಳಿ ಜಗುಲಿಯ ಪ್ರಶ್ನೆ ಲಿಫ್ಟ್ ಹತ್ತಿ ಹತ್ತನೇ ಮಹಡಿಗೆ ಹೋಗಿ ಕೂತಿದೆ.

ಈ ಕೋಣೆಯ ಚರಿತ್ರೆ ನಮ್ಮ ನಾಡಿಗೂ ಗೊತ್ತಿದ್ದದ್ದೇ. ಆಗಿನ ಮೈಸೂರು ರಾಜ್ಯ ಮೆಡಿಕಲ್, ಎಂಜಿನಿಯರಿಂಗ್ ಸೀಟಿಗೆ ಇಂಟರ್‌ವ್ಯೂ ಇಟ್ಟು, ಐಚ್ಛಿಕ ವಿಷಯಗಳ ಗರಿಷ್ಠ ಅಂಕದ ಶೇಕಡ 25ರಷ್ಟನ್ನು ಅದಕ್ಕೇ ಕೊಟ್ಟಿತ್ತು. ‘ವ್ಯಕ್ತಿತ್ವ’ ಅಂತಲೂ ಒಂದು ಬಾಬತ್ತು. ಚಿತ್ರಲೇಖಾ ಪ್ರಕರಣದಲ್ಲಿ 1964ರಲ್ಲಿ ಸುಪ್ರೀಂ ಕೋರ್ಟು ಇದನ್ನು ಒಪ್ಪಿತು. ಮುಂದೆ ಶ್ರೀನಗರದ ಎಂಜಿನಿಯರಿಂಗ್ ಕಾಲೇಜಿನ ಅಜಯ್ ಹಾಸಿಯಾ ಪ್ರಕರಣ ಬಂತು. ಅಲ್ಲಿ ಲಿಖಿತ ಪರೀಕ್ಷೆಗೆ 100 ಅಂಕ, ಇಂಟರ್‌ವ್ಯೂಗೆ 50. ಒಬ್ಬೊಬ್ಬರಿಗೆ ಎರಡು ಮೂರು ನಿಮಿಷ. ಕೇಳಿದ್ದು ಏನು ಅಂದರೆ ನಿಮ್ಮ ತಂದೆತಾಯಿ ಯಾರು, ಮನೆ ಎಲ್ಲಿ ಅಂತ. ವಿದ್ಯಾರ್ಥಿಗಳ ದೂರು ಅದೇ ಆಗಿತ್ತು. ಆ ತೀರ್ಪಿನಲ್ಲಿ ಕೋರ್ಟು, ಇಂಥ ಪ್ರವೇಶಕ್ಕೆ ಇಂಟರ್‌ವ್ಯೂ ಅಂಕ ಒಟ್ಟಿನ ಶೇಕಡ 15 ದಾಟಿದರೆ ಅದು ಮನಬಂದಂತೆ ಮಾಡಿದ ಹಾಗೆ ಅಂದಿತು. ಇಂಟರ್‌ವ್ಯೂ ನಡೆಯುವಾಗ ಟೇಪ್ ರೆಕಾರ್ಡ್ ಮಾಡೋದು ಒಳ್ಳೇದು ಅಂತಲೂ ಹೇಳಿತು. ಕಾಲ ಮೀರಿತ್ತು ಅಂತ ಆ ಸೀಟುಗಳನ್ನು ಮಾತ್ರ ರದ್ದು ಮಾಡಲಿಲ್ಲ, ಇರಲಿ. ಆಗ ಟೇಪ್ ರೆಕಾರ್ಡರ್ ಅಂದರೆ ಪೆಟ್ಟಿಗೆಯಷ್ಟು ದೊಡ್ಡದು. ಈಗ ಪ್ರತಿಯೊಬ್ಬನ ಜೇಬಲ್ಲೂ ಇದೆ. ಆದರೂ ಎಷ್ಟು ಇಂಟರ್‌ವ್ಯೂ ಕೋಣೆಗಳಲ್ಲಿ ರೆಕಾರ್ಡ್ ಆಗ್ತಿದೆ ಅಂತ ಕೇಳಿ ನೋಡಿ. ಕೇಂದ್ರ ಸರ್ಕಾರ ಕೆಳಹಂತದ ಹುದ್ದೆಗಳಿಗೆ 2016ರ ಜನವರಿ 1ರಿಂದ ಇಂಟರ್‌ವ್ಯೂ ತೆಗೆದುಹಾಕಿತು. ಮೇಲಿನ ಹುದ್ದೆಗಳಿಗೆ ಉಳಿಸಿಕೊಂಡಿತು. ಕುರ್ಚಿ ಎತ್ತರವಾದಷ್ಟೂ ‘ವ್ಯಕ್ತಿತ್ವ’ ನೋಡಬೇಕು ಅನ್ನಿಸುತ್ತೆ ಅಂತ ಕಾಣುತ್ತೆ.

ಹಾಗಾದರೆ ನಮ್ಮ ಮಕ್ಕಳು ಬಾಯಿ ಮುಚ್ಚಿಕೊಂಡು ಕೂರಬೇಕಾ? ಇಂಟರ್‌ವ್ಯೂಗೇ ಹೋಗಬಾರದಾ? ಹಾಗೆ ನಾನು ಹೇಳ್ತಿಲ್ಲ. ಹೊಟ್ಟೆ ಇದೆ, ಮನೆಯಲ್ಲಿ ಸಾಲ ಇದೆ. ಹೋಗಲೇಬೇಕು.

ನಮ್ಮಲ್ಲಿ ಹಿರಿಯರು ಕೆಲವರಿದ್ದಾರೆ. ಒಳ್ಳೇ ಮನಸ್ಸಿನವರೇ. ‘ಸುಮ್ನೆ ಮುಚ್ಚಿಟ್ಕೊಳ್ಳಪ್ಪ, ಹೆಸರು ಕೊಂಚ ತಿದ್ಕೊ, ಊರು ಕೇಳಿದ್ರೆ ಜಿಲ್ಲೆ ಹೇಳು’ ಅಂತಾರೆ. ಮುಚ್ಚಿಟ್ಟವನ ಕಥೆ ಈಗಷ್ಟೇ ಹೇಳಿದೆ. ಮುಚ್ಚಿಟ್ಟವನು ದಿನಾ ಹೆದರಿ ಬದುಕಬೇಕು. ಮದುವೆಗೆ ಕರೆಯೋ ಹಾಗಿಲ್ಲ, ಸಾವಿಗೆ ಹೇಳೋ ಹಾಗಿಲ್ಲ. ಹೀಗೆ ಬದುಕ್ತಿರುವವರನ್ನು ಬೈಯೋಕೆ ನನಗೆ ಬಾಯಿಲ್ಲ. ಬಾಬಾಸಾಹೇಬರಿಗೂ ಹನ್ನೊಂದು ದಿನ ಅದೇ ಗತಿಯಾಯ್ತು. ಆದರೆ ಇದನ್ನೇ ಬುದ್ಧಿವಾದ ಅಂತ ಮಕ್ಕಳಿಗೆ ಕಲಿಸೋದಿದೆಯಲ್ಲ, ಅದನ್ನು ನಾನು ಒಪ್ಪಲ್ಲ.

ಇನ್ನೊಂದು ಗುಂಪು ನಮ್ಮ ಸಂಘಟನೆಯ ಬಿಸಿರಕ್ತದ ಹುಡುಗರು. ಒಳಗೆ ಹೋಗ್ತಿದ್ದ ಹಾಗೇ ಜಾತಿ ಹೇಳಿ ಮೇಜು ಕುಟ್ಟಬೇಕು ಅಂತಾರೆ. ಯಾರಿಗೆ ಹೇಳಬೇಕು, ಯಾವಾಗ ಹೇಳಬೇಕು ಅನ್ನೋದು ಆ ಹುಡುಗಿಯ ಇಷ್ಟ. ಮೇಜು ಕುಟ್ಟಿದ ಮೇಲೆ ಕೆಲಸ ಕಳಕೊಳ್ಳೋದು ಅವಳು. ಭಾಷಣ ಹೊಡೆದ ನಾವು ಬಸ್ ಹತ್ತಿ ಮನೆಗೆ ಹೋಗ್ತೀವಿ.

ತರಬೇತಿ ಮುಗಿದ ಸಂಜೆ ಹಾಸ್ಟೆಲಿಗೆ ಹೋದೆ. ಆ ಹುಡುಗಿಯನ್ನೂ ಇನ್ನೂ ಏಳೆಂಟು ಮಂದಿಯನ್ನೂ ಕೂರಿಸಿಕೊಂಡು, ಆ ಫಾರಂ ಪಕ್ಕಕ್ಕಿಡಿ, ನೀವು ಮಾಡಿದ ಒಂದು ಕೆಲಸ ಹೇಳಿ ಅಂದೆ. ಸುಮ್ಮನೆ ಕೂತರು. ‘ನಾವೇನು ಮಾಡಿದೀವಿ ಸಾರ್?’ ಅಂದರು. ಕೆದಕಿದೆ. ಆಗ ಹೊರಗೆ ಬಂತು. ಆ ಹುಡುಗಿ ಎರಡು ವರ್ಷ ಊಟದ ಕಮಿಟಿಯಲ್ಲಿದ್ದವಳು. ಅಕ್ಕಿ ಮೂಟೆ ತೂಕ ಕಮ್ಮಿ ಬರ್ತಿದೆ ಅಂತ ಅನುಮಾನ ಬಂದು, ಅಡುಗೆಯವರ ಜೊತೆ ನಿಂತು ಪ್ರತಿ ಮೂಟೆ ತೂಗಿಸಿ, ಒಂದು ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ ತಾರೀಖು ಹಾಕಿ ಬರೆದಿಟ್ಟಿದ್ದಳು. ಆರು ತಿಂಗಳ ಲೆಕ್ಕ. ಅದನ್ನು ಹಿಡಿದು ವಾರ್ಡನ್ ಹತ್ತಿರ ಹೋದಳು, ವಾರ್ಡನ್ ಮೇಲಕ್ಕೆ ಬರೆದರು, ತೂಕ ಸರಿಯಾಯ್ತು. ತೊಂಬತ್ತು ಜನಕ್ಕೆ ರಾತ್ರಿ ಹೊಟ್ಟೆ ತುಂಬ ಊಟ ಸಿಕ್ಕಿತು.

ಬಿಕಾಂ ಓದಿದ ಹುಡುಗಿ ಲೆಕ್ಕದ ಕೆಲಸಕ್ಕೆ ಹೋಗುವವಳು. ಇದಕ್ಕಿಂತ ದೊಡ್ಡ ಪರಿಚಯ ಯಾವುದಿದೆ? ಇವಳ ಬಾಯಲ್ಲಿ ‘ರೀಡಿಂಗ್ ಬುಕ್ಸ್ ಅಂಡ್ ಲಿಸನಿಂಗ್ ಮ್ಯೂಸಿಕ್’ ಅಂತ ಹೇಳಿಸಿ ಹೋದರಲ್ಲ, ಆ ಮಹಾಶಯರಿಗೆ ಕಾಲೇಜು ಸಂಭಾವನೆ ಬೇರೆ ಕೊಟ್ಟಿದೆ.

ಹುಡುಗರಿಗೆ ನಾನು ಹೇಳಿದ್ದು ಇಷ್ಟೆ. ಹೆಸರನ್ನ ಪೂರ್ತಿ ಹೇಳಿ, ನುಂಗಬೇಡಿ. ‘ನಾನು ಶ್ರಮಜೀವಿ, ಪ್ರಾಮಾಣಿಕ’ ಅಂತ ಹೇಳಬೇಡಿ, ಅದನ್ನು ಎಲ್ಲರೂ ಹೇಳ್ತಾರೆ, ಕಳ್ಳನೂ ಹೇಳ್ತಾನೆ. ಮಾಡಿದ ಒಂದು ಕೆಲಸ ಹೇಳಿ. ಎಷ್ಟು ದಿನ, ಎಷ್ಟು ಜನಕ್ಕೆ, ಏನು ಕಷ್ಟ ಬಂತು, ಕೊನೆಗೆ ಏನಾಯ್ತು. ಅದನ್ನು ಕಣ್ಣಾರೆ ಕಂಡವರು ಯಾರು ಅಂತ ಹೇಳಿ, ಬೇಕಾದರೆ ಕೇಳಿ ನೋಡಲಿ. ಗೊತ್ತಿಲ್ಲದ್ದು ಕೇಳಿದರೆ ಗೊತ್ತಿಲ್ಲ, ಕಲೀತೀನಿ ಅನ್ನಿ. ಇಂಗ್ಲಿಷ್ ಬರದಿದ್ದರೆ ನಾಲ್ಕು ವಾಕ್ಯ ಸಾಕು, ಆದರೆ ಆ ನಾಲ್ಕು ನಿಮ್ಮವೇ ಆಗಿರಲಿ. ಗದ್ದೆ ನಾಟಿ ಮಾಡಿದವನು, ಗಾರೆ ಕೆಲಸಕ್ಕೆ ಹೋಗಿ ಫೀಸು ಕಟ್ಟಿದವನು, ಚಿಕ್ಕ ತಮ್ಮಂದಿರನ್ನು ಸಾಕಿ ಓದಿದವಳು, ನಿಮ್ಮ ಹತ್ತಿರ ಹೇಳೋಕೆ ಇರುವಷ್ಟು ಕೆಲಸ ಆ ಬಿಸಿನೆಸ್‌ಮನ್ ಮಗನ ಹತ್ತಿರ ಇಲ್ಲ. ನಾಚಿಕೆ ಕಲಿಸಿದವರು ಅದನ್ನು ಕೆಲಸ ಅಂತ ಎಣಿಸೋದನ್ನೂ ಮರೆಸಿದರು.

‘ಅಪ್ಪ ಏನ್ ಮಾಡ್ತಾರೆ ಅಂದ್ರೆ ಏನ್ ಹೇಳ್ಲಿ ಸಾರ್?’ ಅಂದಳು. ನೀನೇ ಹೇಳು ಅಂದೆ. ಸ್ವಲ್ಪ ಹೊತ್ತು ಬಿಟ್ಟು ಕನ್ನಡದಲ್ಲೇ ಹೇಳಿದಳು: ‘ನಮ್ಮಪ್ಪ ಪೌರಕಾರ್ಮಿಕ. ಬೆಳಗ್ಗೆ ಐದು ಗಂಟೆಗೆ ಮಾರ್ಕೆಟ್ ಬೀದಿಯಲ್ಲಿ ಇರ್ತಾರೆ. ನಾನು ಕೆಲಸಕ್ಕೆ ತಡವಾಗಿ ಬರಲ್ಲ.’ ಯಾರೂ ಚಪ್ಪಾಳೆ ಹೊಡೆಯಲಿಲ್ಲ. ಪಕ್ಕದ ಹುಡುಗ ಕಣ್ಣು ಒರೆಸಿಕೊಂಡ.

ಇಲ್ಲಿ ನಮ್ಮ ಮೈಮೇಲೂ ಒಂದು ಏಟು ಹಾಕಿಕೊಳ್ಳಬೇಕು. ನಮ್ಮ ಸಭೆಗಳಲ್ಲಿ ಪರಿಚಯ ಹೇಗೆ ನಡೆಯುತ್ತೆ? ಹೊಸ ಹುಡುಗ ಬರ್ತಾನೆ. ‘ಜೈಭೀಮ್’ ಅಂತೀವಿ. ಟೀ ಕುಡಿಯುವಾಗ ಕಿವಿ ಹತ್ತಿರ ಬಾಗಿ ‘ಎಡಾನಾ, ಬಲಾನಾ?’ ಅಂತ ಕೇಳ್ತೀವಿ. ಉತ್ತರ ಬಂದ ಮೇಲೆ ಮುಖ ಬೇರೆ. ಒಳಮೀಸಲಾತಿ ನ್ಯಾಯವಾದ ಬೇಡಿಕೆ. 2024ರಲ್ಲಿ ಸುಪ್ರೀಂ ಕೋರ್ಟು ರಾಜ್ಯಗಳು ಹಾಗೆ ವಿಂಗಡಿಸಬಹುದು ಅಂತ ಹೇಳಿದೆ. ಆ ಲೆಕ್ಕಕ್ಕೆ ಸರ್ಕಾರ ಕೇಳಲಿ, ಎದೆ ತಟ್ಟಿ ಹೇಳೋಣ. ಆದರೆ ಬ್ಯಾನರ್ ಕಟ್ಟೋಕೆ ಬಂದ ಹುಡುಗನನ್ನ ನಂಬಬೇಕೋ ಬೇಡವೋ ಅಂತ ತೂಗೋಕೆ ಇದನ್ನು ಕೇಳೋದಾದರೆ, ನನ್ನ ಹೆಡ್ ಮೇಷ್ಟ್ರಿಗೂ ನಮಗೂ ಏನು ವ್ಯತ್ಯಾಸ ಉಳೀತು? ನಾನೂ ಕೇಳಿದ್ದೀನಿ, ತಪ್ಪು ಮಾಡಿದ್ದೀನಿ. ನಮ್ಮ ಹೆಣ್ಣುಮಕ್ಕಳನ್ನಂತೂ ‘ಇವರು ಇಂಥವರ ಹೆಂಡತಿ’ ಅಂತಲೇ ಪರಿಚಯ ಮಾಡಿಸ್ತೀವಿ. ಹತ್ತು ವರ್ಷ ಕೇರಿಯಲ್ಲಿ ರಾತ್ರಿಶಾಲೆ ನಡೆಸಿದ ಹೆಂಗಸಿಗೂ ಅದೇ ಪಾಡು.

ಆ ಹುಡುಗಿ ಹೋದ ವಾರ ಒಂದು ಕಂಪನಿಯ ಇಂಟರ್‌ವ್ಯೂಗೆ ಹೋಗಿದ್ದಳು. ಅಕ್ಕಿ ಲೆಕ್ಕದ ನೋಟ್‌ಬುಕ್ ತಗೊಂಡು ಹೋಗಿದ್ದಳು. ಮೂವರು ಕೂತಿದ್ದರಂತೆ. ಒಬ್ಬರು ನೋಟ್‌ಬುಕ್ ಕೈಗೆ ತಗೊಂಡು ಪುಟ ತಿರುವಿ ನಾಲ್ಕು ಒಳ್ಳೇ ಪ್ರಶ್ನೆ ಕೇಳಿದರಂತೆ. ಕೊನೆಗೆ ಇನ್ನೊಬ್ಬರು ತಂದೆ ಬಗ್ಗೆ ಕೇಳಿದರಂತೆ. ಹಾಸ್ಟೆಲಿನಲ್ಲಿ ಹೇಳಿದ ಹಾಗೇ ಹೇಳಿದಳಂತೆ. ‘ಓಕೆ, ತಿಳಿಸ್ತೀವಿ’ ಅಂದರಂತೆ. ಕೆಲಸ ಸಿಗಲಿಲ್ಲ. ಯಾಕೆ ಅಂತ ಯಾರೂ ಹೇಳಲ್ಲ. ಅವಳಿಗಿಂತ ಚೆನ್ನಾಗಿ ಲೆಕ್ಕ ಬರುವವರು ಬಂದಿದ್ದಿರಬಹುದು. ತಂದೆ ಬಗ್ಗೆ ಕೇಳಿದ್ದೇ ಕಾರಣ ಇರಬಹುದು. ಇದು ಗೊತ್ತಾಗದ ಹಾಗೆ ಆ ಕೋಣೆ ಕಟ್ಟಿದ್ದಾರೆ ಅನ್ನೋದೇ ನನ್ನ ಜಗಳ. ‘ನೋಡಿದ್ರಾ ಮೇಷ್ಟ್ರೇ, ನಿಮ್ಮ ಮಾತು ಕೇಳಿ ಏನಾಯ್ತು’ ಅಂತ ಒಬ್ಬರು ನನಗೆ ಚುಚ್ಚಿದರು. ನಮ್ಮ ಮಕ್ಕಳು ತಮ್ಮ ಕೆಲಸವನ್ನು ಎಷ್ಟು ಚೆನ್ನಾಗಿ ಹೇಳಿಕೊಂಡರೂ, ಕೇಳುವವನ ಪ್ರಶ್ನೆಗೆ ಕಟ್ಟುಪಾಡು ಇಲ್ಲದಿದ್ದರೆ ಅರ್ಧ ದಾರಿ ಮಾತ್ರ ಸಾಗುತ್ತೆ. ಎಲ್ಲರಿಗೂ ಒಂದೇ ಪ್ರಶ್ನೆ ಕೇಳಿ, ಮೊದಲೇ ಬರೆದಿಟ್ಟು ಕೇಳಿ. ಕೆಲಸಕ್ಕೆ ಸಂಬಂಧ ಇಲ್ಲದ್ದು ಕೇಳಬೇಡಿ. ಒಬ್ಬೊಬ್ಬರ ಉತ್ತರಕ್ಕೆ ಆಗಲೇ ಅಂಕ ಬರೆದು ಸಹಿ ಹಾಕಿ. ಕೂರುವ ಮೂವರಲ್ಲಿ ನಮ್ಮವರೂ ಒಬ್ಬರಿರಲಿ. ರೆಕಾರ್ಡ್ ಮಾಡಿ. ಇದು ಆಕಾಶದಿಂದ ಇಳಿದು ಬರಬೇಕಾದ ಸಂಗತಿಯೇನಲ್ಲ. ಖಾಸಗಿ ಕಂಪನಿಯಲ್ಲಿ ಮೀಸಲಾತಿ ಇಲ್ಲ, ಸರಿ. ಅಪ್ಪನ ಉದ್ಯೋಗ ಕೇಳದೆ ಇರೋಕೆ ಮೀಸಲಾತಿ ಬೇಕಾ?

ದೊಡ್ಡ ಕಂಪನಿ ನಮ್ಮ ಮಾತು ಕೇಳುತ್ತೋ ಇಲ್ಲವೋ, ಕಾಲೇಜು ನಮ್ಮ ತಾಲ್ಲೂಕಿನದೇ. ಹಾಸ್ಟೆಲಿನ ಹುಡುಗರು, ನಾನು, ಇಬ್ಬರು ಉಪನ್ಯಾಸಕರು ಸೇರಿ ಪ್ರಿನ್ಸಿಪಾಲರಿಗೆ ಒಂದು ಅರ್ಜಿ ಕೊಟ್ಟಿದ್ದೀವಿ. ಮುಂದಿನ ತರಬೇತಿಯ ಫಾರಂನಲ್ಲಿ ತಂದೆಯ ಉದ್ಯೋಗ ಅನ್ನೋ ಸಾಲು ತೆಗೆಯಿರಿ, ಅದರ ಜಾಗದಲ್ಲಿ ‘ನೀವು ಮಾಡಿದ ಒಂದು ಕೆಲಸ’ ಅಂತ ಹಾಕಿ ಅಂತ ಕೇಳಿದ್ದೀವಿ. ನಲವತ್ತೊಂದು ಸಹಿ ಇದೆ. ‘ಬಿಸಿನೆಸ್‌ಮನ್’ ಮಗನೂ ಒಂದು ಸಹಿ ಹಾಕಿದ್ದಾನೆ, ಅದನ್ನೂ ಹೇಳಿಬಿಡಬೇಕು. ಅರ್ಜಿ ತಗೊಂಡು ಸೀಲು ಹಾಕಿ ಕೊಟ್ಟ ಗುಮಾಸ್ತರು ನನ್ನ ಮುಖ ನೋಡಿ, ‘ಮೇಷ್ಟ್ರೇ, ತಾವು ಯಾವೂರಾಯ್ತು?’ ಅಂದರು.

ಊರು ಹೇಳಿದೆ. ‘ಅಲ್ಲಿ ಯಾರ ಮನೆ?’ ಅಂದರು. ಕೆಂಚಯ್ಯನ ಮಗ, ಕೆಳಗಿನ ಕೇರಿ, ಮೂವತ್ತು ವರ್ಷ ಮೇಷ್ಟ್ರಾಗಿದ್ದೆ, ಅರ್ಜಿಗೆ ಉತ್ತರ ಯಾವಾಗ ಕೊಡ್ತೀರಿ ಅಂದೆ. ಹದಿನೈದು ದಿನ ಅಂದಿದ್ದಾರೆ. ಇದನ್ನು ಬರೆಯುವ ಹೊತ್ತಿಗೆ ಹತ್ತು ದಿನ ಆಗಿದೆ.